ಲೆಕ್ಕ ತಪ್ಪಿದರೆ ಕಣ ಇದೆ ಅಂತಲಾ?

ಪ್ರಶ್ನೆ: ನಾನು ಕಾರವಾರದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಕಣಗಳನ್ನು ಡಿಕ್ಕಿ ಹೊಡೆಸುವ ಕೊಲೈಡರ್ ಯಂತ್ರಗಳಲ್ಲಿ ‘ಡಾರ್ಕ್ ಸೆಕ್ಟರ್’ ಕಣಗಳನ್ನು, ಅಂದರೆ ಮಾಮೂಲಿ ಕಣಗಳ ಜೊತೆ ಹೆಚ್ಚುಕಡಿಮೆ ಸಂಪರ್ಕವೇ ಇಲ್ಲದ ಊಹೆಯ ಕಣಗಳನ್ನು, ಹುಡುಕುತ್ತಾರಂತೆ. ಯಾವ ಯಂತ್ರಕ್ಕೂ ಕಾಣದ ಕಣವನ್ನು ಯಂತ್ರ ಇಟ್ಟು ಹುಡುಕುವುದು ಹೇಗೆ ಸರ್? ಇಷ್ಟು ವರ್ಷ ಸಿಗಲಿಲ್ಲ ಅಂದ್ರೆ ಇಲ್ಲ ಅಂತಲೇ ಅಲ್ವಾ?

ಉತ್ತರ: ದೀಪಾವಳಿಯಲ್ಲಿ ಕಡಲ ದಂಡೆಗೆ ಹೋಗಿ, ತೆಂಗಿನ ಗರಟೆ ಕೆಳಗೆ ಪಟಾಕಿ ಹೊಡೆದಿದ್ದೀರಾ? ಚೂರುಗಳು ಸುತ್ತಲೂ ಸಿಡಿಯುತ್ತವೆ. ಸಿಕ್ಕ ಚೂರೆಲ್ಲ ಗಾಳಿಮರದ ಕಡೆಗೇ ಬಿದ್ದಿದ್ದರೆ? ಸಮುದ್ರದ ಕಡೆಗೂ ಏನೋ ಹಾರಿ ನೀರುಪಾಲಾಗಿದೆ ಅಂತ ಅಂದಾಜು ಮಾಡುತ್ತೀರಿ. ಜಿನೀವಾ ಹತ್ತಿರ ನೆಲದಡಿ ಇರುವ 27 ಕಿ.ಮೀ. ಸುತ್ತಳತೆಯ ಎಲ್‌ಎಚ್‌ಸಿ ಎಂಬ ಕೊಲೈಡರ್‌ನಲ್ಲೂ ಹೀಗೇ. ಎರಡು ಪ್ರೋಟಾನ್‌ಗಳು ಎದುರುಬದುರು ಡಿಕ್ಕಿ ಹೊಡೆಯುವ ಮೊದಲು, ಅವು ಸಾಗುವ ದಾರಿಗೆ ಅಡ್ಡ ದಿಕ್ಕಿನ ಸಂವೇಗ ಸೊನ್ನೆ. ಆಮೇಲೂ ಕೂಡಿಸಿದರೆ ಸೊನ್ನೆಯೇ ಬರಬೇಕು. ಬರಲಿಲ್ಲವೋ, ಯಾವುದೋ ಕಣ ತಪ್ಪಿಸಿಕೊಂಡಿದೆ.

ತಾಪತ್ರಯ ಇರುವುದು ಇಲ್ಲೇ. ತಪ್ಪಿಸಿಕೊಳ್ಳುವುದರಲ್ಲಿ, ಯಾವುದಕ್ಕೂ ಅಷ್ಟಾಗಿ ತಾಗದೆ ದಾಟಿಹೋಗುವ ನ್ಯೂಟ್ರಿನೊ ಎಂಬ ಕಣ ಎತ್ತಿದ ಕೈ. ಡಿಟೆಕ್ಟರ್‌ನ ಸಂದಿಯಲ್ಲಿ ನುಸುಳಿದ ಮಾಮೂಲಿ ಕಣವೂ ಲೆಕ್ಕ ಕೆಡಿಸುತ್ತದೆ. ರಂಪಣಿ ಎಳೆದಾಗ ಮೀನು ಕಡಿಮೆ ಬಂದರೆ ಮೊದಲು ಬಲೆ ಹರಿದಿದೆಯಾ ಅಂತ ನೋಡಬೇಕಲ್ಲ, ಹಾಗೆ. ವಿಜ್ಞಾನಿಗಳ ಸಮಯ ಜಾಸ್ತಿ ಹೋಗುವುದು ಈ ಹರುಕು ಹುಡುಕುವುದಕ್ಕೇ.

ಜಪಾನಿನ ಬೆಲ್ 2 ಪ್ರಯೋಗದಲ್ಲಿ ಲೆಕ್ಕ ಇನ್ನೂ ಚೊಕ್ಕ. ಅಲ್ಲಿ 7 ಜಿಇವಿ (ಇದು ಕಣದ ಶಕ್ತಿಯ ಅಳತೆ) ಎಲೆಕ್ಟ್ರಾನ್‌ಗೂ 4 ಜಿಇವಿ ಪಾಸಿಟ್ರಾನ್‌ಗೂ, ಅಂದರೆ ಎಲೆಕ್ಟ್ರಾನ್‌ನ ಪ್ರತಿಕಣಕ್ಕೂ, ಡಿಕ್ಕಿ. ಹಾಕಿದ ಬಂಡವಾಳ ಎಷ್ಟೆಂದು ಪೂರ್ತಿ ಗೊತ್ತು. ಒಂದೇ ಒಂದು ಫೋಟಾನ್ (ಬೆಳಕಿನ ಕಣ) ಕಂಡು, ಬೇರೇನೂ ಕಾಣದಿದ್ದರೆ, ಅದರ ಶಕ್ತಿಯಿಂದಲೇ ಕಾಣದ್ದರ ದ್ರವ್ಯರಾಶಿ ಲೆಕ್ಕ ಹಾಕಬಹುದು. ಅದು ‘ಡಾರ್ಕ್ ಫೋಟಾನ್’ ಇರಬಹುದೇ ಅಂತ ಪರೀಕ್ಷೆ. ಮಾಮೂಲಿ ಫೋಟಾನ್ ಜೊತೆ ಚೂರೇ ಚೂರು ಬೆರಕೆ ಇರುವ ಕಣ ಅದು. ಸದ್ಯಕ್ಕೆ ಬರೀ ಊಹೆ.

ಇಂಥ ಕಣ ಸ್ವಲ್ಪ ದೂರ ಸಾಗಿ, ಒಡೆದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿ ಆಗಲೂಬಹುದು. ಅದಕ್ಕೇ ಫೇಸರ್ ಎಂಬ ಪುಟ್ಟ ಡಿಟೆಕ್ಟರ್ ಎಲ್‌ಎಚ್‌ಸಿಯ ಒಂದು ಡಿಕ್ಕಿಯ ಜಾಗದಿಂದ 480 ಮೀಟರ್ ಆಚೆ, ಬಂಡೆಯ ಮರೆಯಲ್ಲಿ 2022ರಿಂದ ಕಾದು ಕೂತಿದೆ. ಡಾರ್ಕ್ ಫೋಟಾನ್ ಇನ್ನೂ ಬಂದಿಲ್ಲ. ಬದಲಿಗೆ 2023ರಲ್ಲಿ, ಕೊಲೈಡರ್‌ನಲ್ಲೇ ಹುಟ್ಟಿದ ನ್ಯೂಟ್ರಿನೊಗಳನ್ನು ಪತ್ತೆ ಮಾಡಿ ಸುದ್ದಿಯಾಯಿತು!

ನಿಮ್ಮ ಎರಡನೇ ಪ್ರಶ್ನೆ. ಸಿಗದಿದ್ದರೆ ‘ಇಲ್ಲ’ ಅಂತಲ್ಲ, ‘ಇಲ್ಲಿ ಇಲ್ಲ’ ಅಂತ. ಇಷ್ಟು ತೂಕದ ಕಣ ಇದ್ದರೆ ಬೆರಕೆ ಇಷ್ಟಕ್ಕಿಂತ ಕಡಿಮೆಯೇ ಇರಬೇಕು ಅಂತ ಗೆರೆ ಎಳೆಯುತ್ತಾರೆ. ಅಮೆರಿಕದ ಬಾಬಾರ್ ಪ್ರಯೋಗ 2017ರಲ್ಲಿ ಇಂಥದ್ದೇ ಗೆರೆ ಎಳೆದು, ಎಲೆಕ್ಟ್ರಾನ್‌ನ ತೂಕದ ಅಣ್ಣನಂಥ ಮ್ಯುವಾನ್ ಕಣದ ಕಾಂತಗುಣ ಅಳತೆಗೂ ಲೆಕ್ಕಕ್ಕೂ ಹೊಂದದ ಗೊಂದಲಕ್ಕೆ ಕಾಣದ ಡಾರ್ಕ್ ಫೋಟಾನ್ ಕಾರಣ ಎಂಬ ವಾದವನ್ನೇ ಬದಿಗೆ ಸರಿಸಿತು. ನನ್ನ ಪ್ರಕಾರ ಅದು ದೊಡ್ಡ ಫಲವೇ.

ಪರಮಾಣುವಿನ ನ್ಯೂಕ್ಲಿಯಸ್ ಎಲೆಕ್ಟ್ರಾನ್ ಉಗುಳುವ ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ತಪ್ಪುತ್ತಿದೆ ಅಂತಲೇ ಭೌತವಿಜ್ಞಾನಿ ಪೌಲಿ 1930ರಲ್ಲಿ ನ್ಯೂಟ್ರಿನೊವನ್ನು ಊಹಿಸಿದ್ದು. ಪತ್ತೆಯಾಗಿದ್ದು 1956ರಲ್ಲಿ, ಅಮೆರಿಕದ ಒಂದು ಅಣು ರಿಯಾಕ್ಟರ್ ಪಕ್ಕ. ಡಾರ್ಕ್ ಕಣಕ್ಕೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನ್ಯೂಟ್ರಿನೊ ಕಣಗಳು ನಿಮ್ಮ ಕೈಗಾದ ರಿಯಾಕ್ಟರ್‌ಗಳಿಂದಲೂ ಹೊರಡುತ್ತವೆ. ನೀವು ಇದನ್ನು ಓದುವಾಗಲೂ ನಿಮ್ಮನ್ನು ದಾಟಿ ಹೋಗುತ್ತಿವೆ. ಹೆದರಬೇಡಿ, ಏನೂ ಮಾಡುವುದಿಲ್ಲ.