ಕಣ್ಣು ಸರಿಯಿದೆ ಅಂದರೂ ಎಡಗಡೆ ಯಾಕೆ ಕಾಣುತ್ತಿಲ್ಲ?

ಅಣ್ಣನಿಗೆ ಎಚ್‌ಐವಿ ಇದೆ, ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) 60ಕ್ಕೆ ಇಳಿದಿದೆ, ಎಡಗಡೆ ಇರುವುದಕ್ಕೆಲ್ಲ ಢಿಕ್ಕಿ ಹೊಡೆಯುತ್ತಾರೆ, ಕಣ್ಣಿನ ಡಾಕ್ಟರು ಮಾತ್ರ ಕಣ್ಣು ಸರಿಯಿದೆ ಅಂದಿದ್ದಾರೆ ಎಂದು ಬರೆದಿದ್ದೀರಿ. ಎರಡೂ ನಿಜವಿರಬಹುದು. ನೋಟ ಪೂರ್ತಿಯಾಗುವುದು ಮೆದುಳಿನ ಹಿಂಭಾಗದಲ್ಲಿ. ಅಲ್ಲಿ ಬಲಗಡೆ ಪೆಟ್ಟಾದರೆ ಎರಡೂ ಕಣ್ಣಿಗೆ ಎಡಗಡೆಯ ಅರ್ಧ ಕಾಣುವುದಿಲ್ಲ. ಕನ್ನಡಕದಿಂದ ಇದು ಸರಿಹೋಗುವುದಿಲ್ಲ.

ಮನೆಯಲ್ಲೇ ಹೀಗೆ ನೋಡಿ. ಎದುರುಬದುರು ಎರಡು ಮೂರು ಅಡಿ ದೂರದಲ್ಲಿ ಕೂತು, ಅವರ ಒಂದು ಕಣ್ಣು ಮುಚ್ಚಿಸಿ, ನಿಮ್ಮ ಮೂಗನ್ನೇ ನೋಡಲು ಹೇಳಿ. ಪಕ್ಕದಿಂದ ಬೆರಳಾಡಿಸುತ್ತಾ ಒಳಗೆ ತನ್ನಿ. ಆಮೇಲೆ ಇನ್ನೊಂದು ಕಣ್ಣು. ಎರಡರಲ್ಲೂ ಅದೇ ಬದಿ ಕಾಣದಿದ್ದರೆ ಇವತ್ತೇ ನರರೋಗ ವಿಭಾಗವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡಿದ್ದರೇ ಎಂದೂ ಕೇಳಿಕೊಳ್ಳಿ. ಸಿಡಿ4 50ರ ಆಸುಪಾಸಿನಲ್ಲಿದ್ದಾಗ ಸಿಎಂವಿ ವೈರಸ್ ಕಣ್ಣಿನೊಳಗಿನ ಹಿಂದಿನ ಪದರವಾದ ರೆಟಿನಾವನ್ನೇ ತಿನ್ನಬಹುದು, ಅದಕ್ಕೆ ಬೇರೆ ಔಷಧವಿದೆ.

ಇಂಥ ಕಡೆ ನನಗೆ ಮೊದಲು ಅನುಮಾನ ಬರುವುದು ಪಿಎಂಎಲ್ ಎಂಬ ಮೆದುಳಿನ ಸೋಂಕಿನ ಮೇಲೆ. ಜೆಸಿ ಎಂಬ ವೈರಸ್ ಅರ್ಧಕ್ಕಿಂತ ಹೆಚ್ಚು ವಯಸ್ಕರ ಮೈಯಲ್ಲಿ ಸುಮ್ಮನಿರುತ್ತದೆ. ರೋಗನಿರೋಧಕ ಶಕ್ತಿ ಕುಸಿದಾಗ ಅದು ನರತಂತುಗಳ ಮೇಲಿನ ಮಯಲಿನ್ ಕವಚ ಕಟ್ಟುವ ಕೋಶಗಳನ್ನು ಕೊಲ್ಲುತ್ತದೆ. ವೈರಸ್ ಹೆಚ್ಚಿನವರ ಮೈಯಲ್ಲಿ ಮೊದಲೇ ಇರುವುದರಿಂದ ಅಣ್ಣನ ತಟ್ಟೆ ಲೋಟ ಬೇರೆ ಇಡುವ ಅಗತ್ಯ ಖಂಡಿತ ಇಲ್ಲ.

ಎಂಆರ್‌ಐ ಬೇಕು, ಸಿಟಿಯಲ್ಲಿ ಶುರುವಿನ ಕಲೆಗಳು ತಪ್ಪಿಹೋಗಬಹುದು. ಬೆನ್ನಿನಿಂದ ನೀರು ತೆಗೆದು ಜೆಸಿ ವೈರಸ್ ಇದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಅದು ನೆಗೆಟಿವ್ ಬಂದ ಮಾತ್ರಕ್ಕೆ ಪಿಎಂಎಲ್ ಅಲ್ಲ ಎಂದಾಗುವುದಿಲ್ಲ, ಅನುಮಾನ ಬಲವಾಗಿದ್ದರೆ ಮತ್ತೆ ಮಾಡಬೇಕು. ಮೆದುಳಿಗೆ ತಗಲುವ ಬೇರೆ ಸೋಂಕುಗಳಾದ ಟಾಕ್ಸೊಪ್ಲಾಸ್ಮಾ, ಟಿಬಿ, ಕ್ರಿಪ್ಟೊಕಾಕಸ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಅಷ್ಟೇ ಮುಖ್ಯ, ಏಕೆಂದರೆ ಅವುಗಳಿಗೆ ನೇರ ಔಷಧವಿದೆ.

ಜೆಸಿ ವೈರಸ್ಸಿಗೆ ಅಂಥ ಖಚಿತ ಔಷಧವಿಲ್ಲ. ಕೈಯಲ್ಲಿರುವ ಅಸ್ತ್ರ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳಾದ ಎಆರ್‌ಟಿ ಒಂದೇ, ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ. ಎಡವುವುದು ಇಲ್ಲೇ: ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ನೋಟ ಇನ್ನಷ್ಟು ಕೆಡಬಹುದು. ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಮೆದುಳಿನಲ್ಲಿ ಊತ ತರುವುದರಿಂದ ಹೀಗಾಗುತ್ತದೆ. ಮಾತ್ರೆ ನಿಲ್ಲಿಸಬೇಡಿ, ಆಸ್ಪತ್ರೆಗೆ ಓಡಿ. ಸ್ಟಿರಾಯ್ಡ್ ಬೇಕೋ ಬೇಡವೋ ಅವರು ನೋಡುತ್ತಾರೆ.

ಹೋದ ನೋಟ ಪೂರ್ತಿ ಮರಳುವುದು ಅಪರೂಪ, ರೋಗ ಅಲ್ಲಿಗೇ ನಿಂತರೂ ದೊಡ್ಡದು. ಬೈಕು ಈಗಲೇ ಬಿಡಿಸಿ. ತಲೆಯನ್ನು ಎಡಕ್ಕೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಸಿ. ಓದುವಾಗ ಪುಟದ ಎಡ ಅಂಚಿಗೆ ಕೆಂಪು ಪಟ್ಟಿ ಇಟ್ಟರೆ ಸಾಲಿನ ಮೊದಲು ಸಿಗುತ್ತದೆ. ತಟ್ಟೆಯ ಎಡಗಡೆ ಅನ್ನ ಉಳಿದಿದ್ದರೆ ಹಸಿವಿಲ್ಲ ಅಂದುಕೊಳ್ಳಬೇಡಿ, ತಟ್ಟೆ ತಿರುಗಿಸಿ ಕೊಡಿ.