ಥೀಸಿಸ್‌ಗೆ ಲೈಬ್ರರಿಯನ್ ಬೇಕಾ?

ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣ ಮೊಬೈಲ್‌ನಲ್ಲೇ ಸಿಗುವಾಗ ಮೆಡಿಕಲ್ ಕಾಲೇಜಿನ ಲೈಬ್ರರಿಯನ್ ಥೀಸಿಸ್‌ಗೆ ಏನು ಮಾಡಿಕೊಡುತ್ತಾರೆ ಅಂತ ಕೇಳಿದ್ದೀರಿ. ನಾನೂ ಅದೇ ಕೆಲಸದವನು, ಸ್ವಲ್ಪ ಪಕ್ಷಪಾತ ಇರುತ್ತದೆ, ಬೇಜಾರು ಮಾಡ್ಕೋಬೇಡಿ!

ನಾನು ಸೇರಿದಾಗ ವೈದ್ಯಕೀಯ ಲೇಖನಗಳ ಸೂಚಿಯಾದ ಇಂಡೆಕ್ಸ್ ಮೆಡಿಕಸ್‌ನ ದಪ್ಪ ಸಂಪುಟಗಳನ್ನು ಕಪಾಟಿನಿಂದ ಇಳಿಸುವುದೇ ದೊಡ್ಡ ಕೆಲಸವಾಗಿತ್ತು. 1879ರಲ್ಲಿ ಶುರುವಾದ ಆ ಸೂಚಿಯ ಮುದ್ರಣ 2004ಕ್ಕೆ ನಿಂತಿತು. ಅಷ್ಟರಲ್ಲಿ, 1997ರಿಂದಲೇ, ಪಬ್‌ಮೆಡ್ ಎಲ್ಲರಿಗೂ ಉಚಿತವಾಗಿತ್ತು. ಆಗ ಲೇಖನ ಸಿಗುತ್ತಿರಲಿಲ್ಲ, ಈಗ ಜಾಸ್ತಿ ಸಿಗುವುದೇ ತಲೆನೋವು.

ನಿಮ್ಮ ವಿಷಯ ಗರ್ಭಿಣಿಯರ ರಕ್ತಹೀನತೆ ಅಂದಿರಿ. ಸುಮ್ನೆ ‘ಅನೀಮಿಯಾ’ ಅಂತ ಹೊಡೆದರೆ ರಾಶಿ ಬೀಳುತ್ತದೆ. ನಾವು ಮೊದಲು ಮೆಶ್ ಪದ ಹುಡುಕುತ್ತೇವೆ. ಲೇಖಕರು ಹೇಗೇ ಬರೆದಿರಲಿ, ಒಂದು ವಿಷಯಕ್ಕೆ ಸೂಚಿಯಲ್ಲಿ ಕೊಟ್ಟಿರುವ ಒಂದೇ ಹೆಸರು ಅದು. ನಿಮಗೆ ‘ಪ್ರೆಗ್ನೆನ್ಸಿ ಕಾಂಪ್ಲಿಕೇಷನ್ಸ್, ಹೆಮಟಾಲಜಿಕ್’ (ಗರ್ಭಿಣಿಯರ ರಕ್ತದ ತೊಂದರೆಗಳು) ಅನ್ನುವ ಪದ ಕೆಲಸಕ್ಕೆ ಬರುತ್ತದೆ. ಪಬ್‌ಮೆಡ್‌ನ ಎಲ್ಲ ಲೇಖನಗಳಿಗೂ ಮೆಶ್ ಇರುವುದಿಲ್ಲ, ಅದಕ್ಕೇ ಮಾಮೂಲಿ ಪದಗಳನ್ನೂ ‘ಆರ್’ (OR, ಅಂದರೆ ‘ಅಥವಾ’) ಹಾಕಿ ಸೇರಿಸಬೇಕು. ಒಂದು ಪ್ರಶ್ನೆಗೆ ಸಂಬಂಧಿಸಿದ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಪರಿಶೀಲಿಸುವ ಸಿಸ್ಟಮ್ಯಾಟಿಕ್ ರಿವ್ಯೂ ಆದರೆ ಇಡೀ ಹುಡುಕಾಟವನ್ನು ಬರೆದಿಡಬೇಕು. ಅಂಥ ಕಡೆ ಲೈಬ್ರರಿಯನ್ ಸಹಲೇಖಕರೂ ಆಗುತ್ತಾರೆ.

ಎಐ ಕೊಟ್ಟ ರೆಫರೆನ್ಸ್ ಪಟ್ಟಿ ಹಿಡಿದು ಬರುವವರೂ ಇದ್ದಾರೆ. ಹುಡುಕಿದರೆ ಕೆಲವು ಲೇಖನಗಳು ಪ್ರಪಂಚದಲ್ಲೇ ಇರುವುದಿಲ್ಲ!

ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಗೆ ಸೇರಿದ್ದರೆ, ಅದರ ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್‌ಗಳನ್ನು ಒದಗಿಸುವ ಹೆಲಿನೆಟ್ ಬಗ್ಗೆ ಲೈಬ್ರರಿಯಲ್ಲಿ ವಿಚಾರಿಸಿ. ದುಡ್ಡು ಕೊಟ್ಟು ಲೇಖನ ಕೊಳ್ಳುವ ಮೊದಲು ಅಲ್ಲಿ ನೋಡಿ. ಹೋಗುವಾಗ ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆದುಕೊಂಡು ಹೋಗಿ.