ಸಾಲಕ್ಕೆ ಸಹಿ ಹಾಕುವ ಮೊದಲು ಆ ಕೋರ್ಸನ್ನು ಸರಿಯಾಗಿ ನೋಡು

ತಂಗಿ, ನಿನ್ನ ಮೆಸೇಜ್ ನೋಡಿದೆ. ಹಾಸನದಲ್ಲಿ ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಇಂಟರ್ನ್‌ಶಿಪ್ ಮುಗಿಯುತ್ತಾ ಬಂದಿದೆ, ಇಂಗ್ಲೆಂಡಿನಿಂದ ಒಂದು ವರ್ಷದ ಅಡ್ವಾನ್ಸ್ಡ್ ಫಿಸಿಯೋಥೆರಪಿ ಎಂಎಸ್ಸಿಗೆ ಆಫರ್ ಲೆಟರ್ ಬಂದಿದೆ, ಅದು ಮುಗಿದರೆ ಫಿಸಿಯೋ ಕೆಲಸ ಗ್ಯಾರಂಟಿ ಅಂತ ಏಜೆಂಟ್ ಹೇಳಿದ್ದಾರೆ, ಅಪ್ಪ ಕಾಫಿ ತೋಟದ ಮೇಲೆ ಸಾಲ ತೆಗೆಯಲು ಓಡಾಡುತ್ತಿದ್ದಾರೆ ಅಂತ ಬರೆದಿದ್ದೀಯ. ಚಳಿ ಹೇಗೆ, ಊಟ ಹೇಗೆ, ಒಬ್ಬಳೇ ಇರಬಹುದಾ ಅಂತಲೂ ಕೇಳಿದ್ದೀಯ. ಚಳಿ, ಊಟದ ವಿಷಯ ಆಮೇಲೆ. ಮೊದಲು ಆ ಡಿಗ್ರಿ.

ಆ ಎಂಎಸ್ಸಿ ಮಾಡಿದ ಮಾತ್ರಕ್ಕೆ ನೀನು ಇಲ್ಲಿ ಇಂಗ್ಲೆಂಡಿನಲ್ಲಿ ಫಿಸಿಯೋಥೆರಪಿಸ್ಟ್ ಆಗುವುದಿಲ್ಲ. ಇಲ್ಲಿ ಎಚ್‌ಸಿಪಿಸಿ ಅಂತ ಒಂದು ಸಂಸ್ಥೆ ಇದೆ. ಫಿಸಿಯೋ, ರೇಡಿಯೋಗ್ರಾಫರ್, ಬಯೋಮೆಡಿಕಲ್ ಸೈಂಟಿಸ್ಟ್, ಡಯಟಿಷಿಯನ್ ಹೀಗೆ 15 ವೃತ್ತಿಗಳ ರಿಜಿಸ್ಟರ್ ಅದರ ಕೈಯಲ್ಲಿದೆ. ಅದರಲ್ಲಿ ಹೆಸರಿಲ್ಲದೆ ಫಿಸಿಯೋಥೆರಪಿಸ್ಟ್ ಅಂತ ಹೇಳಿಕೊಂಡು ಕೆಲಸ ಮಾಡುವುದು ಅಪರಾಧ. (ಡಯಾಲಿಸಿಸ್ ಓದುತ್ತಿರುವ ನಿನ್ನ ಗೆಳತಿಗೂ ಹೇಳು, ಆ ಕೆಲಸ ಈ 15ರಲ್ಲಿ ಇಲ್ಲ. ಅವಳು ಬೇರೆ ದಾರಿಯಲ್ಲೇ ವಿಚಾರಿಸಬೇಕು.)

ಎಂಎಸ್ಸಿಯಲ್ಲಿ ಎರಡು ಬಗೆ. ಪ್ರೀ-ರಿಜಿಸ್ಟ್ರೇಷನ್ ಅಂತ ಇರುವುದು ಸಾಮಾನ್ಯವಾಗಿ ಎರಡು ವರ್ಷದ್ದು. ಅದರಲ್ಲಿ ಆಸ್ಪತ್ರೆಯ ಪೋಸ್ಟಿಂಗ್ ಇರುತ್ತದೆ, ಎಚ್‌ಸಿಪಿಸಿ ಒಪ್ಪಿಗೆ ಇರುತ್ತದೆ. ಅದು ಬೇರೆ ಡಿಗ್ರಿ ಓದಿ ಫಿಸಿಯೋಗೆ ಬರುವವರಿಗೆ. ನಿನಗೆ ಬಂದಿರುವುದು ಆಗಲೇ ಫಿಸಿಯೋ ಆದವರಿಗೆ. ಎಚ್‌ಸಿಪಿಸಿ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಕೋರ್ಸುಗಳ ಪಟ್ಟಿ ಇದೆ, ನೀನೇ ಹುಡುಕಿ ನೋಡು. ಏಜೆಂಟ್ ಮಾತು ಬೇಡ, ನನ್ನ ಮಾತನ್ನೂ ಸುಮ್ನೆ ನಂಬಬೇಡ.

ಈಗ ಮುಖ್ಯ ಮಾತು. ಎಚ್‌ಸಿಪಿಸಿ ನಿನ್ನ ವಿಷಯದಲ್ಲಿ ತೂಗಿ ನೋಡುವುದು ನಿನ್ನ ಬಿಪಿಟಿಯನ್ನು. ಹೊರದೇಶದಲ್ಲಿ ಓದಿದವರಿಗೆ ಅಂತಲೇ ಅರ್ಜಿ ಇದೆ, ಹಾಸನದಲ್ಲಿ ಕೂತೇ ಹಾಕಬಹುದು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವುದಾದರೆ ಒಟ್ಟು 7 ಬೇಕು, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಏನೇನು ಓದಿದೆ, ಯಾವ ವಾರ್ಡಿನಲ್ಲಿ ಏನು ಮಾಡಿದೆ ಅನ್ನುವುದನ್ನು ಬಿಡಿಸಿ ನೋಡುತ್ತಾರೆ. ಆದ್ದರಿಂದ ಸಿಲಬಸ್ ಪ್ರತಿ, ಪೋಸ್ಟಿಂಗಿನ ವಿವರ, ಎಲ್ಲದಕ್ಕೂ ಕಾಲೇಜಿನ ಸೀಲು, ಸಹಿ ಈಗಲೇ ಹಾಕಿಸಿಕೋ. ಕಾಲೇಜು ಬಿಟ್ಟ ಮೇಲೆ ಇವಕ್ಕೆ ಅಲೆಯುವುದು ಬಲು ಕಷ್ಟ.

ನಮ್ಮ ಕಡೆ ಎಷ್ಟೋ ಹುಡುಗರ ಇಂಟರ್ನ್‌ಶಿಪ್ ಓಪಿಡಿಯಲ್ಲೇ ಕಳೆದುಹೋಗುತ್ತದೆ. ಮೊಣಕಾಲು ನೋವಿನವರು ಸಾಲಾಗಿ ಬರುತ್ತಾರೆ, ಐಎಫ್‌ಟಿ ಪ್ಯಾಡ್ (ನೋವಿಗೆ ಸಣ್ಣಗೆ ಕರೆಂಟ್ ಕೊಡುವುದು) ಅಂಟಿಸು, ಟೈಮರ್ ತಿರುಗಿಸು, ಮುಂದಿನವರನ್ನು ಕರೆ. ಇಲ್ಲಿನ ವಾರ್ಡಿನಲ್ಲಿ ಆ ಕೆಲಸವೇ ಇಲ್ಲ ಅನ್ನಬಹುದು. ಸ್ಟ್ರೋಕ್ ಆದ ಒಬ್ಬ ಅಜ್ಜಿ ಇದ್ದಾರೆ ಅಂದುಕೋ. ಮುಟ್ಟುವ ಮೊದಲು ಅವರನ್ನು ಕೇಳಬೇಕು. ಎಬ್ಬಿಸಿ ಕೂರಿಸಬೇಕು, ನಿಲ್ಲಿಸಬೇಕು. ಮನೆಯಲ್ಲಿ ಮೆಟ್ಟಿಲು ಎಷ್ಟು, ಬಚ್ಚಲು ಮೇಲಿದೆಯಾ ಕೆಳಗಿದೆಯಾ, ಜೊತೆಗೆ ಯಾರಿದ್ದಾರೆ ಅಂತ ವಿಚಾರಿಸಿ ಬರೆಯಬೇಕು. ಅವರನ್ನು ಮನೆಗೆ ಕಳಿಸಬಹುದಾ ಅಂತ ತೀರ್ಮಾನಿಸುವಾಗ ಡಾಕ್ಟರು ಫಿಸಿಯೋ ಮಾತಿಗೆ ಕಾಯುತ್ತಾರೆ. ಈ ಕೆಲಸ ನನಗೆ ತುಂಬಾ ಇಷ್ಟ. ನಿನಗೂ ಆಗುತ್ತದೆ.

ಹಾಗಾಗಿ ಉಳಿದಿರುವ ದಿನಗಳಲ್ಲಿ ಐಸಿಯು ಮತ್ತು ನ್ಯೂರೋ ವಾರ್ಡಿಗೆ ಹಾಕಿ ಅಂತ ನಿಮ್ಮ ಮೇಷ್ಟ್ರನ್ನು ಕೇಳು. ಕಫ ತೆಗೆಸುವುದು, ವೆಂಟಿಲೇಟರ್ ಮೇಲಿರುವವರ ಉಸಿರಾಟ ನೋಡುವುದು ಕೈಗೆ ಬರಲಿ. ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ರೋಗಿಯ ಹೆಸರು ಬೇಡ. ವಯಸ್ಸು, ತೊಂದರೆ, ನೀನು ಕಂಡದ್ದು, ಮಾಡಿದ್ದು, ಆಮೇಲೆ ಏನಾಯಿತು, ಇಷ್ಟು ಸಾಕು. ಅರ್ಜಿಗೂ ಆಗುತ್ತದೆ, ಇಂಟರ್‌ವ್ಯೂಗೂ ಆಗುತ್ತದೆ.

ಎಂಎಸ್ಸಿಯೇ ಕೆಟ್ಟದ್ದು ಅಂತಲ್ಲ. ರಿಜಿಸ್ಟ್ರೇಷನ್ ಆಗಿ, ಯಾವುದರಲ್ಲಿ ಮುಂದುವರಿಯಬೇಕು ಅಂತ ಗೊತ್ತಾದ ಮೇಲೆ ಮಾಡಿದರೆ ಒಳ್ಳೆಯದೇ. ಆದರೆ ರಿಜಿಸ್ಟ್ರೇಷನ್ ಇಲ್ಲದೆ ಸಾಲ ಹೊತ್ತು ಬಂದರೆ? ಕಾಲೇಜಿನ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಓದಿದ ಮೇಲೆ ಸಿಗುವ ಗ್ರಾಜುಯೇಟ್ ವೀಸಾ 2 ವರ್ಷದ್ದು, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಆ ಅವಧಿಯಲ್ಲಿ ರಿಜಿಸ್ಟ್ರೇಷನ್ ಇಲ್ಲದಿದ್ದರೆ ಕೇರ್ ಹೋಮ್ ಕೆಲಸ ಇಲ್ಲವೇ ಅಸಿಸ್ಟೆಂಟ್ ಕೆಲಸ. ಮರ್ಯಾದೆಯ ಕೆಲಸವೇ, ಆದರೆ ಆ ಸಂಬಳದಲ್ಲಿ ತೋಟದ ಸಾಲ ತೀರುವುದಿಲ್ಲ. ರಿಜಿಸ್ಟ್ರೇಷನ್ ಆದವರು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಬ್ಯಾಂಡ್ 5 ಅನ್ನುವ ಸಂಬಳದ ದರ್ಜೆಯಿಂದ ಶುರು ಮಾಡುತ್ತಾರೆ. ಅದಕ್ಕೂ ಪೈಪೋಟಿ ಇದೆ, ಗ್ಯಾರಂಟಿ ಅನ್ನುವ ಮಾತು ಯಾರೂ ಆಡಬಾರದು.

ಚಳಿಗೆ ಒಳ್ಳೆ ಕೋಟು ಇದ್ದರೆ ಸಾಕು. ಮಳೆ ಮಲೆನಾಡಿನವರಿಗೆ ಹೊಸದಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಮೊದಲ ವರ್ಷ ಅದೇ ಬೇಜಾರು. ಅಕ್ಕಿ ಹಿಟ್ಟು, ರಾಗಿ ಹಿಟ್ಟು ನಮ್ಮವರ ಅಂಗಡಿಗಳಲ್ಲಿ ಸಿಗುತ್ತದೆ. ಒಬ್ಬಳೇ ಇರಬಹುದು, ಆದರೆ ಮೊದಲು ಯಾರ ಜೊತೆಗಾದರೂ ಮನೆ ಹಂಚಿಕೊಂಡಿರು.

ಸಾಲದ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ ಅಂತ ಅಪ್ಪನಿಗೆ ಹೇಳು. ಅವರಿಗೆ ನಾನೇ ವಿವರಿಸಬೇಕು ಅಂದರೆ ಭಾನುವಾರ ಸಂಜೆ ಫೋನ್ ಮಾಡಿಸು, ಮನೆಯಲ್ಲೇ ಇರುತ್ತೇನೆ.